15ಕ್ಕೆ ಗುಜರಿ, 50ಕ್ಕೆ ವಿಂಟೇಜ್: ಹಳೆ ಫೈರ್ ಇಂಜಿನ್ ಉಳಿಸೋದು ಯಾರು?

ಮಾಲೂರಿಂದ ಬೆಂಗಳೂರಿಗೆ ಹೋಗೋ ಟ್ರೇನಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ಶ್ರೀನಿವಾಸಪುರದ ಮಾವಿನ ತೋಪಲ್ಲಿ ಕೂತು ಕೇಳ್ತಿದ್ದೀರೋ, ಎಲ್ಲಿದ್ದರೂ ಒಂದು ಇಪ್ಪತ್ತು ನಿಮಿಷ ನಮ್ಮ ಜೊತೆ ಇರಿ. ಇವತ್ತಿನ ವಿಷಯ ಫೈರ್ ಇಂಜಿನ್. ಹೊಸದಲ್ಲ, ಹಳೇದು. ಕೆಂಪು ಬಣ್ಣ ಮಾಸಿ, ಹಿತ್ತಾಳೆ ಗಂಟೆ ಕಪ್ಪಾಗಿ, ಯಾವುದೋ ಗೋಡೆ ಪಕ್ಕ ಟಯರ್ ಇಳಿದು ನಿಂತಿರುತ್ತಲ್ಲ, ಅಂಥದ್ದು.

ಹಳೆ ಬುಲೆಟ್ ಬೈಕು, ಹಳೆ ಜೀಪು, ಅಂಬಾಸಿಡರ್ ಕಾರು ಇವನ್ನ ರಿಪೇರಿ ಮಾಡಿಸಿ ಓಡಿಸೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇನ್‌ಸ್ಟಾಗ್ರಾಂ ತುಂಬ ಅದೇ ರೀಲ್ಸ್. ಆದರೆ ಫೈರ್ ಇಂಜಿನ್? ಅದನ್ನ ಮನೆಗೆ ತಂದು ಸಾಕೋರು ಪ್ರಪಂಚದಲ್ಲಿ ಇದ್ದಾರೆ. ಅಮೆರಿಕದಲ್ಲಿ ಇಂಥ ಹವ್ಯಾಸಿಗಳು 1958ರಲ್ಲೇ ಒಂದು ಸಂಘ ಕಟ್ಟಿಕೊಂಡರು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಹಳೆ ಫೈರ್ ಇಂಜಿನ್‌ಗಳ ಜಾತ್ರೆಯೇ ನಡೆಯುತ್ತೆ. ನಮ್ಮಲ್ಲಿ ಯಾಕೆ ಇಲ್ಲ? ಉತ್ತರ ಹುಡುಕೋಕೆ ಸ್ವಲ್ಪ ಇತಿಹಾಸ, ಸ್ವಲ್ಪ ಮೆಕ್ಯಾನಿಕ್ ಕೆಲಸ, ಸ್ವಲ್ಪ ಕಾನೂನು ಮೂರೂ ಬೇಕು. ಒಂದೊಂದಾಗಿ ನೋಡೋಣ.

ಬಿಂದಿಗೆಯಿಂದ ಪಂಪಿಗೆ

ಹಿಂದೆ ಊರಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಏನು ಮಾಡ್ತಿದ್ದರು? ಕೊಡ, ಬಿಂದಿಗೆ, ಬಕೆಟ್ಟು. ಬಾವಿಯಿಂದ ಬಣವೆವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ನೀರು ದಾಟಿಸೋದು. ಪ್ರಪಂಚದ ಎಲ್ಲ ಊರಲ್ಲೂ ಬೆಂಕಿ ಆರಿಸೋ ಮೊದಲ ವಿಧಾನ ಇದೇ.

ನೀರನ್ನ ಒತ್ತಡದಲ್ಲಿ ಚಿಮ್ಮಿಸೋ ಯಂತ್ರದ ಕಲ್ಪನೆ ಬಹಳ ಹಳೇದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟೆಸಿಬಿಯಸ್ ಎಂಬ ಗ್ರೀಕ್ ತಂತ್ರಜ್ಞ ಎರಡು ಸಿಲಿಂಡರಿನ ಪಂಪ್ ರೂಪಿಸಿದ್ದ. ಒಂದು ಪಿಸ್ಟನ್ ಮೇಲೆ ಹೋದಾಗ ಇನ್ನೊಂದು ಕೆಳಗೆ, ಹೀಗಾಗಿ ನೀರು ನಿಲ್ಲದೆ ಬರುತ್ತೆ. ಅದಾಗಿ ಸಾವಿರಾರು ವರ್ಷ ಕಳೆದ ಮೇಲೆ, 1670ರ ದಶಕದಲ್ಲಿ, ಆಮ್‌ಸ್ಟರ್‌ಡ್ಯಾಂನ ಯಾನ್ ವಾನ್ ಡರ್ ಹೈಡನ್ ಚರ್ಮದ ಕೊಳವೆ ಹೊಲಿಸಿ ಪಂಪಿಗೆ ಜೋಡಿಸಿದ. ಈತ ವೃತ್ತಿಯಲ್ಲಿ ಚಿತ್ರಕಾರ. ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಅಲ್ಲಿವರೆಗೆ ಪಂಪನ್ನೇ ಬೆಂಕಿಯ ಹತ್ತಿರಕ್ಕೆ ಎಳ್ಕೊಂಡು ಹೋಗಬೇಕಿತ್ತು. ಹೋಸ್ ಬಂದ ಮೇಲೆ ಮನುಷ್ಯ ಉರಿಯೋ ಮನೆಯ ಒಳಗೇ ನೀರು ತಗೊಂಡು ಹೋಗೋ ಹಾಗಾಯ್ತು. 1829ರಲ್ಲಿ ಲಂಡನ್ನಿನಲ್ಲಿ ಹಬೆಯಿಂದ ನಡೆಯೋ ಫೈರ್ ಇಂಜಿನ್ ಬಂತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕುದುರೆ ಹೋಗಿ ಮೋಟಾರು ಬಂತು.

ನಮ್ಮ ಮೈಸೂರು ಸೀಮೆಗೆ ಬೆಂಕಿ ಕಲಿಸಿದ ದೊಡ್ಡ ಪಾಠ 1897ರದ್ದು. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಂಭ್ರಮದ ಹೊತ್ತಿನಲ್ಲೇ ಮರದ ಅರಮನೆ ಹೊತ್ತಿ ಉರಿದು ಹೋಯ್ತು. ಇವತ್ತು ನಾವು ಸೆಲ್ಫಿ ತಗೊಳ್ಳೋ ಅರಮನೆ, ಆಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿದದ್ದು. ಮರದ ಜಾಗಕ್ಕೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬ ಬಂದವು. ಆ ಕಂಬಗಳು ಬಂದದ್ದು ದೂರದ ಗ್ಲಾಸ್ಗೋದಿಂದ.

ಕೋಲಾರದ ನೀರು, ಕೋಲಾರದ ಲೇತು

ಈಗ ಕೋಲಾರಕ್ಕೆ ಬರೋಣ. ನಮ್ಮ ಜಿಲ್ಲೆ ಯಂತ್ರಗಳನ್ನ ಬೇಗ ನೋಡಿದ ಜಿಲ್ಲೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿ ಕೆಲಸ ಹಿಡೀತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ತಂದರು. ಬೇತಮಂಗಲದಲ್ಲಿ ಪಾಲಾರ್ ನೀರನ್ನ ಕಟ್ಟಿ, ಪಂಪ್ ಮಾಡಿ ಗಣಿ ಊರಿಗೆ ಕಳಿಸಿದರು. 1913ರಲ್ಲಿ ಬೌರಿಂಗ್‌ಪೇಟೆ, ಅಂದರೆ ಇವತ್ತಿನ ಬಂಗಾರಪೇಟೆಯಿಂದ ಕೋಲಾರಕ್ಕೆ ಪುಟಾಣಿ ರೈಲು ಬಂತು. ಎರಡೂವರೆ ಅಡಿ ಅಗಲದ ಹಳಿ. ಮುಂದೆ ಅದೇ ಶ್ರೀನಿವಾಸಪುರ, ಚಿಂತಾಮಣಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಯ್ತು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಗಣಿ, ರೈಲು, ಪಂಪ್‌ಹೌಸ್ ಇದ್ದ ಕಡೆ ಫಿಟ್ಟರು, ಟರ್ನರು, ವೆಲ್ಡರು ತಯಾರಾಗ್ತಾರೆ. ತಲೆಮಾರುಗಟ್ಟಲೆ ಆ ಕೈಕೆಲಸ ಇಲ್ಲಿ ಉಳೀತು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಯಂತ್ರಗಳಿಗೆ ತುಕ್ಕು ಹಿಡೀತು. ಪುಟಾಣಿ ರೈಲಿನ ಹಳಿಯೂ ಹೋಗಿ ಬ್ರಾಡ್‌ಗೇಜ್ ಬಂತು. ನಮ್ಮೂರಿನ ಎರಡು ದೊಡ್ಡ ಯಂತ್ರ ಕತೆಗಳು ನಮ್ಮ ಕಣ್ಣ ಮುಂದೆಯೇ ಗುಜರಿಗೆ ಹೋದವು. ಫೈರ್ ಇಂಜಿನ್ ಬಗ್ಗೆ ಮಾತಾಡುವಾಗ ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಯುದ್ಧ ತಂದ ಪಂಪು

ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ನಗರಗಳಿಗೆ ಬಾಂಬಿನ ಭಯ. ಹಾಗಾಗಿ ಅಗ್ನಿಶಾಮಕ ವ್ಯವಸ್ಥೆ ಬೇಗ ಬೇಗ ಬೆಳೀತು. ಆಗ ಹೆಚ್ಚು ಬಳಕೆಗೆ ಬಂದದ್ದು ಟ್ರೇಲರ್ ಪಂಪು. ಎರಡು ಚಕ್ರದ ಗಾಡಿ ಮೇಲೆ ಒಂದು ಇಂಜಿನ್, ಒಂದು ಪಂಪ್. ಯಾವ ಲಾರಿ ಹಿಂದಾದರೂ ಕಟ್ಟಿ ಎಳ್ಕೊಂಡು ಹೋಗಬಹುದು.

ಈ ಪಂಪುಗಳ ದೊಡ್ಡ ಹೆಸರು ಬ್ರಿಟನ್ನಿನ ಕವೆಂಟ್ರಿ ಕ್ಲೈಮ್ಯಾಕ್ಸ್. ಇಲ್ಲಿ ರೇಸ್ ಇಷ್ಟಪಡೋರಿಗೆ ಒಂದು ಮಜಾ ವಿಷಯ ಇದೆ. 1950ರ ಹೊತ್ತಿಗೆ ಇಬ್ಬರು ಮನುಷ್ಯರು ಎತ್ತೋ ಅಷ್ಟು ಹಗುರ ಪಂಪ್ ಬೇಕು ಅಂತ ಬ್ರಿಟಿಷ್ ಸರ್ಕಾರ ಕೇಳ್ತು. ಕಂಪನಿ ಒಂದು ಸಣ್ಣ, ಹಗುರ, ಆದರೆ ಭಾರಿ ಶಕ್ತಿಯ ಇಂಜಿನ್ ಮಾಡ್ತು. ಅದನ್ನ ನೋಡಿದ ರೇಸ್ ಕಾರಿನವರು ‘ಇದನ್ನ ನಮಗೂ ಕೊಡಿ’ ಅಂದರು. ಪಂಪಿನ ಇಂಜಿನ್ ರೇಸ್ ಟ್ರ್ಯಾಕಿಗೆ ಇಳೀತು. ಅಲ್ಲಿಂದ ರೇಸ್ ಇಂಜಿನ್ ಮಾಡೋದಕ್ಕೆ ನಿಂತ ಅದೇ ಕಂಪನಿಯ ಇಂಜಿನ್‌ಗಳು 1959, 1960, 1963, 1965ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಕಾರುಗಳಲ್ಲಿ ಇದ್ದವು. ಬೆಂಕಿ ಆರಿಸೋ ಪಂಪಿಂದ ಫಾರ್ಮುಲಾ ಒನ್‌ವರೆಗೆ!

ಆದರೆ ಆ ಕಾಲ ಮಜಾ ಮಾಡೋ ಕಾಲ ಆಗಿರಲಿಲ್ಲ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸ್ಫೋಟಗೊಂಡಿತು. ಹಡಗಲ್ಲಿ ಹತ್ತಿಯೂ ಇತ್ತು, ಮದ್ದುಗುಂಡೂ ಇತ್ತು. ಬೆಂಕಿ ಆರಿಸೋಕೆ ಹೋದ 66 ಅಗ್ನಿಶಾಮಕ ಸಿಬ್ಬಂದಿ ವಾಪಸ್ ಬರಲಿಲ್ಲ. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ನ್ನ ಅಗ್ನಿಶಾಮಕ ಸೇವಾ ದಿನ ಅಂತ ದೇಶವೆಲ್ಲ ಆಚರಿಸುತ್ತೆ. ಅದೇ ದಿನ ಅಂಬೇಡ್ಕರ್ ಜಯಂತಿಯೂ ಇರೋದರಿಂದ ಇದು ಬಹಳ ಜನರ ಗಮನಕ್ಕೆ ಬರೋದೇ ಇಲ್ಲ.

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳಕ್ಕೆ ಪ್ರತ್ಯೇಕ ಕಾನೂನು ಬಂದದ್ದು 1964ರಲ್ಲಿ. ಆಮೇಲೆ ಜಿಲ್ಲೆ, ತಾಲ್ಲೂಕುಗಳಿಗೆ ಠಾಣೆಗಳು ಬಂದವು. ದೇಶದಲ್ಲಿ ಬೆಡ್‌ಫೋರ್ಡ್, ಟಾಟಾ–ಮರ್ಸಿಡಿಸ್, ಅಶೋಕ್ ಲೇಲ್ಯಾಂಡ್ ಲಾರಿಗಳ ಮೇಲೆ ನೀರಿನ ಟ್ಯಾಂಕು, ಪಂಪು ಕೂರಿಸಿ ಫೈರ್ ಇಂಜಿನ್ ಕಟ್ಟುತ್ತಿದ್ದ ಕಾಲ ಅದು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿ ಚಿತ್ರೀಕರಣದ ವೇಳೆ 62 ಜನ. ಇಂಥ ದಿನಗಳಲ್ಲಿ ಗಂಟೆ ಬಾರಿಸ್ಕೊಂಡು ಓಡಿದ ತಲೆಮಾರಿನ ಗಾಡಿಗಳು ಅವು. ಆ ಗಾಡಿಗಳು ಬರೀ ಕಬ್ಬಿಣ ಅಲ್ಲ, ಸಾಕ್ಷಿ.

ಕೆರೆಯಿಂದ ನೀರು ಹೇಗೆ ಏಳುತ್ತೆ?

ಈಗ ಬಾನೆಟ್ ತೆಗೆಯೋಣ. ಫೈರ್ ಇಂಜಿನ್ ಅಂದರೆ ನೀರಿನ ಟ್ಯಾಂಕರ್ ಅಂದ್ಕೊಂಡಿದ್ದರೆ ಅದು ಅರ್ಧ ಸತ್ಯ. ಒಂದು ಲೆಕ್ಕ ಹಾಕಿ. ಟ್ಯಾಂಕಲ್ಲಿ 4,500 ಲೀಟರ್ ನೀರು ಇದೆ, ಪಂಪು ನಿಮಿಷಕ್ಕೆ 1,800 ಲೀಟರ್ ಎಸೆಯುತ್ತೆ ಅಂದರೆ, ಎರಡೂವರೆ ನಿಮಿಷಕ್ಕೆ ಟ್ಯಾಂಕ್ ಖಾಲಿ! ಆಮೇಲೆ? ಹತ್ತಿರದ ಕೆರೆ, ಕುಂಟೆ, ಬಾವಿ ಹುಡುಕಬೇಕು. ಕೆರೆಗಳ ಜಿಲ್ಲೆ ಅನ್ನಿಸಿಕೊಂಡ ಕೋಲಾರದಲ್ಲಿ ಅದು ಸುಲಭ ಇರಬೇಕಿತ್ತು. ಆದರೆ ವರ್ಷಗಟ್ಟಲೆ ಕೆರೆಗಳೇ ಒಣಗಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಹರಿದ ಮೇಲೆ ಕೆಲವು ಕೆರೆಗಳಲ್ಲಿ ಮತ್ತೆ ನೀರು ಕಾಣಿಸ್ತು. ಆ ನೀರಿನ ಗುಣದ ಬಗ್ಗೆ ಬೇಕಾದಷ್ಟು ಚರ್ಚೆ ಇದೆ, ಅದು ಬೇರೆ ಸಂಚಿಕೆ.

ಕೆರೆಯಿಂದ ನೀರೆತ್ತೋಕೆ ಸೆಂಟ್ರಿಫ್ಯೂಗಲ್ ಪಂಪ್ ಇರುತ್ತೆ. ಲಾರಿಯ ಇಂಜಿನ್ನಿನ ಶಕ್ತಿಯನ್ನೇ ಗೇರ್‌ಬಾಕ್ಸಿಂದ ಪಂಪಿಗೆ ತಿರುಗಿಸ್ತಾರೆ. ಈ ಪಂಪಿಗೆ ಒಂದು ದೌರ್ಬಲ್ಯ: ಒಳಗೆ ಗಾಳಿ ಇದ್ದರೆ ನೀರು ಎಳೆಯೋದೇ ಇಲ್ಲ. ತೆರೆದ ಬಾವಿಗೆ ಮೋಟಾರ್ ಇಟ್ಟಿದ್ದ ಅಜ್ಜನನ್ನ ಕೇಳಿ ನೋಡಿ. ಪಂಪ್ ಬಾಯಿಗೆ ನೀರು ತುಂಬಿಸಬೇಕಿತ್ತು. ಫುಟ್‌ವಾಲ್ವ್ ಸೋರ್ತಿದ್ದರೆ ಸಗಣಿ ನೀರು ಹೊಯ್ದು ಸಂದು ಮುಚ್ಚಿಸ್ತಿದ್ದರು. ಅದೇ ಕೆಲಸಕ್ಕೆ ಫೈರ್ ಇಂಜಿನ್ನಿನಲ್ಲಿ ಪ್ರೈಮರ್ ಅಂತ ಬೇರೆ ಉಪಕರಣ ಇರುತ್ತೆ. ಅದು ಪೈಪಿನೊಳಗಿನ ಗಾಳಿಯನ್ನ ಹೊರಗೆ ಎಳೆಯುತ್ತೆ. ಆಗ ಹೊರಗಿನ ವಾತಾವರಣದ ಒತ್ತಡವೇ ಕೆರೆ ನೀರನ್ನ ಮೇಲಕ್ಕೆ ತಳ್ಳುತ್ತೆ.

ಇಲ್ಲಿ ನಮ್ಮೂರಿಗೆ ಒಂದು ವಿಶೇಷ ಇದೆ. ಸಮುದ್ರ ಮಟ್ಟದಲ್ಲಿ ಹೀಗೆ ನೀರು ಹೆಚ್ಚೆಂದರೆ ಸುಮಾರು 10.3 ಮೀಟರ್ ಏಳಬಹುದು. ಕೋಲಾರ ಇರೋದು 800 ಮೀಟರಿಗೂ ಮೇಲೆ. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಅಂದರೆ ಸುಮಾರು ಒಂದು ಮೀಟರ್ ಇಲ್ಲೇ ಹೋಯ್ತು. ಪೈಪಿನ ಜಾಯಿಂಟ್, ಫಿಲ್ಟರ್ ಎಲ್ಲ ಕಳೆದರೆ ಏಳು ಮೀಟರ್ ಸಿಕ್ಕರೆ ಪುಣ್ಯ. ಹಳೆ ಪಂಪ್ ಆದರೆ ಇನ್ನೂ ಕಡಿಮೆ. ಸಣ್ಣ ವಾಷರ್ ಒಂದು ಒಣಗಿ ಸೀಳಿದ್ದರೂ ಗಾಳಿ ನುಗ್ಗುತ್ತೆ, ನೀರು ಬರೋದಿಲ್ಲ.

ಕೈಗೆ ಗ್ರೀಸ್ ಹತ್ತಿಸ್ಕೊಳ್ಳೋ ಕೆಲಸ

ಹಾಗಾದರೆ ಹಳೆ ಫೈರ್ ಇಂಜಿನ್ ಸರಿ ಮಾಡೋದು ಹೇಗೆ? ಮೊದಲ ನಿಯಮ: ಸಿಕ್ಕ ಕೂಡಲೇ ಸ್ಟಾರ್ಟ್ ಮಾಡೋಕೆ ಹೋಗಬಾರದು. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಅಂಟಿಕೊಂಡಿರುತ್ತೆ. ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು, ಎಣ್ಣೆ ಬಿಟ್ಟು, ಕೆಲವು ದಿನ ನೆನೆಸಿ, ಕೈಯಿಂದ ನಿಧಾನಕ್ಕೆ ತಿರುಗಿಸಿ ನೋಡಬೇಕು.

ಎರಡನೇದು ಸುರಕ್ಷತೆ. ಹಳೆ ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಪ್ಯಾಕಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜು ಕಾಗದದಲ್ಲಿ ಉಜ್ಜಿ ಆ ಧೂಳು ಉಸಿರಾಡೋದು ಶ್ವಾಸಕೋಶಕ್ಕೆ ಅಪಾಯ. ಲಾಕ್ ರಿಂಗ್ ಇರೋ ಹಳೆ ಲಾರಿ ಚಕ್ರಕ್ಕೆ ಗಾಳಿ ತುಂಬೋದನ್ನ ಅನುಭವ ಇರೋ ಪಂಚರ್ ಅಂಗಡಿಯವರಿಗೇ ಬಿಡಿ. ಆ ರಿಂಗ್ ಹಾರಿದರೆ ಪ್ರಾಣಕ್ಕೇ ಕುತ್ತು.

ಮೂರನೇದು ಪಂಪ್. ಶಾಫ್ಟ್ ಹೊರಗೆ ಬರೋ ಜಾಗದಲ್ಲಿ ಗ್ರಾಫೈಟ್ ಹಚ್ಚಿದ ಹಗ್ಗದ ಹಾಗಿನ ಪ್ಯಾಕಿಂಗ್ ಇರುತ್ತೆ. ಅದನ್ನ ಪೂರ್ತಿ ಬಿಗಿ ಮಾಡಬಾರದು, ತೊಟ್ಟು ತೊಟ್ಟಾಗಿ ನೀರು ಸೋರ್ತಾ ಇರಬೇಕು. ಆ ನೀರೇ ಅದಕ್ಕೆ ತಂಪು. ನೀರಿಲ್ಲದೆ ಪಂಪ್ ಓಡಿಸಿದರೆ ಅದು ಸುಟ್ಟು ಹೋಗುತ್ತೆ. ಇನ್ನು ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರಿಗೆ ಹಾಕಿದರೆ ಒಳಗೆ ಬಿಳಿ ಗಾರೆ ಕಟ್ಟಿಕೊಳ್ಳುತ್ತೆ. ಮಳೆ ನೀರು ಹಿಡಿದಿಟ್ಟು ಹಾಕೋದು ಒಳ್ಳೇದು. ಕೆರೆ ನೀರು ಎಳೆದ ಮೇಲೆ ಶುದ್ಧ ನೀರಲ್ಲಿ ಪಂಪ್ ತೊಳೆಯಲೇಬೇಕು, ಇಲ್ಲಾಂದ್ರೆ ಹೂಳು ಕೂತು ಒಳಗಿನ ಹಿತ್ತಾಳೆ ಸವೆಯುತ್ತೆ.

ನಾಲ್ಕನೇದು ಹೋಸ್. ಹಳೆ ಕ್ಯಾನ್ವಾಸ್ ಹೋಸ್ ಒಂದು ಚಂದದ ವಸ್ತು. ನೀರು ಬಿಟ್ಟಾಗ ಮೊದಲು ಸ್ವಲ್ಪ ಒಸರುತ್ತೆ, ಆಮೇಲೆ ನೂಲು ಉಬ್ಬಿ ತಾನೇ ಸಂದು ಮುಚ್ಚಿಕೊಳ್ಳುತ್ತೆ. ಆದರೆ ಒದ್ದೆ ಸುತ್ತಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತೆ. ಅದಕ್ಕೇ ಹಳೆ ಫೈರ್ ಸ್ಟೇಷನ್‌ಗಳಲ್ಲಿ ಎತ್ತರದ ಗೋಪುರ ಕಟ್ಟಿ ಹೋಸ್ ನೇತು ಹಾಕಿ ಒಣಗಿಸ್ತಿದ್ದರು.

ಪೆಟ್ರೋಲ್ ಇಂಜಿನ್ ಆದರೆ ಇನ್ನೊಂದು ತಲೆನೋವು. ಈಗ ಬಂಕಲ್ಲಿ ಸಿಗೋದು ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆ ರಬ್ಬರ್ ಪೈಪು, ಡಯಾಫ್ರಾಂಗಳನ್ನ ತಿನ್ನುತ್ತೆ. ಅವನ್ನ ಬದಲಾಯಿಸ್ಕೊಂಡೇ ಓಡಿಸಬೇಕು.

ಬಿಡಿಭಾಗ ಎಲ್ಲಿ ಸಿಗುತ್ತೆ? ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಅಲ್ಲೂ ಇಲ್ಲದಿದ್ದರೆ ಲೇತಿನ ಮೇಲೆ ಹೊಸದಾಗಿ ಮಾಡಿಸಬೇಕು. ಕೆಜಿಎಫ್ ಸುತ್ತಮುತ್ತಲಿನ ಕೈಕೆಲಸದ ಮಾತು ಹೇಳಿದೆನಲ್ಲ, ಅದು ಬೇಕಾಗೋದು ಇಲ್ಲೇ. ಯಂತ್ರ ಉಳಿಸೋದು ಅಂದರೆ ಆ ಯಂತ್ರವನ್ನ ಬಲ್ಲ ಕೈಗಳನ್ನೂ ಉಳಿಸೋದು.

110 ವರ್ಷ ದಾಟಿದ ಗಾಡಿ

ಇದೆಲ್ಲ ಆಗೋ ಹೋಗೋ ಮಾತಾ ಅಂತ ಕೇಳಬಹುದು. ಆಗುತ್ತೆ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಒಂದು ಫೈರ್ ಇಂಜಿನ್ ಇದೆ. ಹೆಸರು ಜಾನ್ ಮೋರಿಸ್. 1914ರದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್‌ಫರ್ಡ್‌ನಲ್ಲಿ ತಯಾರಾಗಿ ಹೈದರಾಬಾದಿನ ನಿಜಾಮ್ ರೈಲ್ವೆಗೆ ಬಂದದ್ದು. ನಿಜಾಮ್ ರೈಲ್ವೆ ಅಂದರೆ ನಮಗೂ ನಂಟು ಇದೆ. ಅದರ ಮೊದಲ ಹಳಿ ಶುರುವಾದದ್ದೇ ಇವತ್ತಿನ ಕಲಬುರಗಿ ಜಿಲ್ಲೆಯ ವಾಡಿಯಿಂದ, 1874ರಲ್ಲಿ. ಈ ಗಾಡಿಯ ಅಡಿಗಟ್ಟು ಮಾಡಿದ ಬೆಲ್‌ಸೈಜ್ ಕಂಪನಿ 1925ರಲ್ಲೇ ಮುಚ್ಚಿ ಹೋಯ್ತು. ಅಂದರೆ ಸುಮಾರು ನೂರು ವರ್ಷದಿಂದ ಇದಕ್ಕೆ ಕಂಪನಿ ಸ್ಪೇರ್ ಅನ್ನೋದೇ ಇಲ್ಲ. ಆದರೂ ರೈಲ್ವೆಯವರು ಅದನ್ನ ಓಡೋ ಸ್ಥಿತಿಯಲ್ಲಿ ಇಟ್ಕೊಂಡು ದೆಹಲಿಯ ಸ್ಟೇಟ್ಸ್‌ಮನ್ ವಿಂಟೇಜ್ ರ‍್ಯಾಲಿಗೆ ಇಳಿಸಿದ್ದಾರೆ. ನಿಂತ ಯಂತ್ರ ನೋಡೋದಕ್ಕೂ ಓಡೋ ಯಂತ್ರ ನೋಡೋದಕ್ಕೂ ಇರೋ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತೆ.

ಆ ಗಾಡಿ ಉಳಿದದ್ದಕ್ಕೆ ಕಾರಣ ಒಂದೇ. ಅದು ಹಳೇದಾದಾಗ ಅದನ್ನ ತೂಕಕ್ಕೆ ಹಾಕಲಿಲ್ಲ.

35 ವರ್ಷದ ಕಂದಕ

ಈಗ ಅಸಲಿ ಪ್ರಶ್ನೆಗೆ ಬಂದೆವು. 2023ರ ಏಪ್ರಿಲ್ 1ರಿಂದ ಕೇಂದ್ರದ ನಿಯಮ ಜಾರಿಯಲ್ಲಿದೆ: 15 ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿ ನವೀಕರಣ ಇಲ್ಲ. ಅದು ಗುಜರಿ ಕೇಂದ್ರಕ್ಕೆ ಹೋಗಬೇಕು. ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಇದಕ್ಕೆ ನ್ಯಾಯವಾದ ಕಾರಣ ಇದೆ. ಹಳೆ ಗಾಡಿ ಹೊಗೆ ಉಗುಳುತ್ತೆ, ಮತ್ತೆ ಬೆಂಕಿ ಕರೆ ಬಂದಾಗ ಕೈ ಕೊಡೋ ಗಾಡಿಯನ್ನ ಯಾರೂ ನಂಬಬಾರದು. ಮುಳಬಾಗಿಲಿನ ಹೆದ್ದಾರಿಯಲ್ಲಿ ಟ್ಯಾಂಕರ್ ಹೊತ್ತಿದಾಗ ನಮಗೆ ಬೇಕಾದದ್ದು ಹೊಸ ಗಾಡಿಯೇ, ನೆನಪುಗಳಲ್ಲ.

ಇನ್ನೊಂದು ಕಡೆ, 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ಬಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರ ಇರೋ ನಂಬರ್ ಸಿಗುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000. ದಿನಬಳಕೆಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸೋಕೆ ಮಾತ್ರ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 15ಕ್ಕೆ ಗುಜರಿ. 50ಕ್ಕೆ ಮರ್ಯಾದೆ. ನಡುವಿನ 35 ವರ್ಷ? ಕಾರಾದರೆ ಯಾರದೋ ಮನೆ ಶೆಡ್ಡಿನಲ್ಲಿ ಆ 35 ವರ್ಷ ಹೇಗೋ ಕಳೆಯುತ್ತೆ. ಫೈರ್ ಇಂಜಿನ್‌ಗೆ ಮನೆ ಇಲ್ಲ, ಅದು ಸರ್ಕಾರದ ಆಸ್ತಿ. ಅದೂ ಅಲ್ಲದೆ ಅದು ಯಾರ ಸ್ವಂತ ಬಳಕೆಯದೂ ಆಗಿರಲಿಲ್ಲ. ಆದ್ದರಿಂದ ಇವತ್ತು ಓಡ್ತಿರೋ ಗಾಡಿಗಳಲ್ಲಿ ಒಂದೂ 50ನೇ ಹುಟ್ಟುಹಬ್ಬ ನೋಡದೇ ಹೋಗಬಹುದು. 2060ರಲ್ಲಿ ಇಂಥದ್ದೇ ಪಾಡ್‌ಕಾಸ್ಟ್ ಮಾಡೋರಿಗೆ ಫೋಟೋ ಬಿಟ್ಟರೆ ಬೇರೇನೂ ಸಿಗದೇ ಇರಬಹುದು.

ಎಲ್ಲವನ್ನೂ ಉಳಿಸೋಕೆ ಆಗಲ್ಲ, ಉಳಿಸಬೇಕಾಗೂ ಇಲ್ಲ. ಒಂದು ಮಾದರಿಗೆ ಒಂದು ಸಾಕು. ನೋಂದಣಿ ರದ್ದು ಮಾಡಿ, ರಸ್ತೆಗೆ ಇಳಿಯದ ಹಾಗೆ, ಒಂದು ಮ್ಯೂಸಿಯಂಗೋ ಐಟಿಐ ಕಾಲೇಜಿಗೋ ಕೊಟ್ಟರೆ? ಫಿಟ್ಟರ್ ಓದೋ ಹುಡುಗ ಹುಡುಗಿಯರಿಗೆ ಅದೇ ಪಾಠ. ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಬಳಿಯ ಪಯಣ ಮ್ಯೂಸಿಯಂನಲ್ಲಿ ಹಳೆ ಕಾರುಗಳಿಗೆ ಎಂಥ ಜನ ಸೇರ್ತಾರೆ ಅಂತ ನೋಡಿದ್ದೇವೆ. ಗಣಿಯ ಇತಿಹಾಸ ಇರೋ ಕೋಲಾರಕ್ಕೆ ಅಂಥ ಒಂದು ಯಂತ್ರಗಳ ಮನೆ ಬೇಡವೇ?

ನೀವು ಮಾಡಬಹುದಾದದ್ದೂ ಇದೆ. ನಿಮ್ಮೂರಿನ ಕಾರ್ಖಾನೆ, ಗೋಡೌನು, ಗುಜರಿ ಅಂಗಡಿಯಲ್ಲಿ ಹಳೆ ಟ್ರೇಲರ್ ಪಂಪ್ ಬಿದ್ದಿದ್ದರೆ, ಶುರು ಮಾಡೋಕೆ ಅದೇ ಸರಿ. ಅದಕ್ಕೆ ಶೆಡ್ ಚಿಕ್ಕದು ಸಾಕು, ಖರ್ಚೂ ಕಡಿಮೆ. ಪೂರ್ತಿ ಗಾಡಿ ಕೊಳ್ಳೋ ಆಸೆ ಇದ್ದರೆ ದುಡ್ಡು ಕೊಡೋ ಮೊದಲು ಆರ್‌ಟಿಒ ಕಚೇರಿಯಲ್ಲಿ ದಾಖಲೆ ವಿಚಾರಿಸಿ. ಮಾಲೀಕರ ಒಪ್ಪಿಗೆ ಪಡೆದು ಇಂಜಿನ್ ನಂಬರ್, ಚಾಸಿ ನಂಬರ್ ಪ್ಲೇಟುಗಳ ಫೋಟೋ ತೆಗೆದಿಡಿ. ಆಮೇಲೆ, ಆ ಗಾಡಿ ಓಡಿಸಿದ ನಿವೃತ್ತ ಡ್ರೈವರ್ ಯಾರಾದರೂ ನಿಮ್ಮ ಬೀದಿಯಲ್ಲಿ ಇದ್ದರೆ, ಹೋಗಿ ಕೂತು ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಕೈಯಲ್ಲಿ ಫೋನ್ ಇದೆಯಲ್ಲ. ಯಾವ ಲಿವರ್ ಎಳೆದರೆ ಪಂಪ್ ಹಿಡಿಯುತ್ತೆ, ಯಾವ ಕೆರೆಯಲ್ಲಿ ಯಾವ ಕಡೆ ಗಾಡಿ ಇಳಿಸಬಹುದು, ಬಣವೆ ಬೆಂಕಿಗೆ ನೀರು ಎಲ್ಲಿಂದ ಹೊಡೀಬೇಕು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಅವರ ತಲೇಲಿ ಇದೆ. ಗಾಡಿಗೆ 15 ವರ್ಷ, 50 ವರ್ಷ ಅಂತ ಲೆಕ್ಕ ಹಾಕ್ತಾ ಕೂರಬಹುದು. ಆ ಹಿರಿಯರ ವಿಷಯದಲ್ಲಿ ಹಾಗೆ ಕಾಯೋದಕ್ಕೆ ಆಗಲ್ಲ.

ಇವತ್ತಿಗೆ ಇಷ್ಟು. ಬೆಂಕಿ ಕಂಡರೆ ವಿಡಿಯೋ ಆಮೇಲೆ, ಮೊದಲು 112ಕ್ಕೆ ಫೋನ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.